ಉಸಿರು ಕೇಳುವ ಪೀಪಿ: ಕ್ಯಾಪ್ಸೂಲ್ ಇನ್ಹೇಲರ್ ಜೊತೆ ಏಳು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಈ ವಸ್ತುವಿನ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಹಾಗಂತ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಹಲ್ಲುಜ್ಜುವ ಮೊದಲು ಅದನ್ನೇ ಎಳೆದುಕೊಂಡಿದ್ದೇನೆ, ರಾತ್ರಿ ಮಲಗುವ ಮೊದಲೂ ಎಳೆದುಕೊಳ್ಳುತ್ತೇನೆ.

ನಾನು ಹೇಳುತ್ತಿರುವುದು ಕ್ಯಾಪ್ಸೂಲ್ ಹಾಕಿ ತಿರುಗಿಸುವ, ಒಳಗಿರುವುದು ಹೊರಗಿಂದಲೇ ಕಾಣುವ ಪ್ಲಾಸ್ಟಿಕ್ ಇನ್ಹೇಲರ್ ಬಗ್ಗೆ. ಅಸ್ತಮಾ ಇರುವವರ ಮನೆಯಲ್ಲಿ ಟಿವಿ ಸ್ಟ್ಯಾಂಡ್ ಮೇಲೋ ಫ್ರಿಜ್ ಮೇಲೋ ಇದು ಇದ್ದೇ ಇರುತ್ತೆ. ಕಂಪನಿ ಹೆಸರು ಬೇಡ, ಎಲ್ಲ ಕಂಪನಿಯದ್ದೂ ಹೆಚ್ಚುಕಡಿಮೆ ಒಂದೇ. ನನ್ನ ಮಗಳು ಚಿಕ್ಕವಳಿದ್ದಾಗ ಇದಕ್ಕೆ ಪೀಪಿ ಅಂತ ಹೆಸರಿಟ್ಟಳು. "ಅಮ್ಮ ಪೀಪಿ ಊದ್ತಿದಾಳೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಊದೋದಲ್ಲ ಪುಟ್ಟಿ, ಎಳೆಯೋದು ಅಂತ ಎಷ್ಟು ಸಲ ಹೇಳಿದರೂ ಹೆಸರು ಮಾತ್ರ ಹಾಗೇ ನಿಂತಿತು.

ನನಗೆ ಉಬ್ಬಸ ಚಿಕ್ಕಂದಿನಿಂದ ಇದೆ. ಕೆಲಸ ಬ್ಯಾಂಕಿನಲ್ಲಿ, ಕ್ಯಾಶ್ ಕೌಂಟರ್. ನೋಟು ಎಣಿಸುವ ಮೆಷಿನ್ ಪಕ್ಕ ಕೂತವರಿಗೆ ಗೊತ್ತು, ಹಳೇ ನೋಟಿನ ಕಟ್ಟು ಹಾಕಿದಾಗ ಎಂಥ ಧೂಳು ಏಳುತ್ತೆ ಅಂತ. ಅದರ ಜೊತೆಗೆ ಬೆಂಗಳೂರಿನ ಡಿಸೆಂಬರ್ ಚಳಿ, ಅಗೆದು ಬಿಟ್ಟ ರಸ್ತೆ, ಖಾಲಿ ಸೈಟಿನ ಕಾಂಗ್ರೆಸ್ ಗಿಡ, ಪಕ್ಕದ ಮನೆಯ ಸೊಳ್ಳೆ ಬತ್ತಿ. ಮನೆಯೊಳಗೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ. ಅದನ್ನು ಮಾತ್ರ ನಾನು ಬಿಡುವುದಿಲ್ಲ. ಕಿಟಕಿ ತೆಗೆದು, ಮೂಗಿಗೆ ಸೆರಗು ಹಿಡಿದು ಹಾಕುತ್ತೇನೆ.

2018ರವರೆಗೆ ನನ್ನ ಚಿಕಿತ್ಸೆ ಅಂದರೆ ಒಂದು ನೀಲಿ ಪಂಪ್. ಉಬ್ಬಸ ಬಂದರೆ ಎರಡು ಸಲ ಒತ್ತು, ಹೋದರೆ ಮರೆತುಬಿಡು. ಆ ವರ್ಷ ನಮ್ಮ ಡಾಕ್ಟರ್ ಕೂರಿಸಿ ಹೇಳಿದರು, ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಬಿಗಿದ ಕೊಳವೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತೆ ಅಷ್ಟೇ, ಒಳಗಿನ ಊತ ಹಾಗೇ ಇರುತ್ತೆ ಅಂತ. ಊತ ಇಳಿಸಲು ದಿನಾ ಸ್ಟೀರಾಯ್ಡ್ ಎಳೆದುಕೊಳ್ಳಬೇಕು. ಮರುವರ್ಷ, 2019ರಲ್ಲಿ, 'ಜಿನಾ' ಅನ್ನುವ ಜಾಗತಿಕ ಮಾರ್ಗಸೂಚಿಯಲ್ಲೂ ಇದೇ ಬಂತು: ದೊಡ್ಡವರಿಗೆ ಬರೀ ನೀಲಿ ಪಂಪ್ ಸಾಲದು, ಜೊತೆಗೆ ಸ್ಟೀರಾಯ್ಡ್ ಇನ್ಹೇಲರ್ ಇರಲೇಬೇಕು.

ಸ್ಟೀರಾಯ್ಡ್ ಅಂದ ಕೂಡಲೇ ನಾನೂ ಬೆಚ್ಚಿದೆ. ನನ್ನ ಕ್ಯಾಪ್ಸೂಲಿನಲ್ಲಿ ಬುಡೆಸೊನೈಡ್ ಅನ್ನುವ ಸ್ಟೀರಾಯ್ಡ್ 200 ಮೈಕ್ರೋಗ್ರಾಂ ಇದೆ, ಜೊತೆಗೆ ಕೊಳವೆ ಸಡಿಲ ಮಾಡುವ ಫಾರ್ಮೋಟೆರಾಲ್. 200 ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಂನ ಐದನೇ ಒಂದು ಪಾಲು. ಅದೂ ನೇರ ಶ್ವಾಸಕೋಶಕ್ಕೆ ಹೋಗುತ್ತೆ, ಮಾತ್ರೆಯ ಹಾಗೆ ಮೈಯೆಲ್ಲ ಸುತ್ತುವುದು ಕಡಿಮೆ. "ಇನ್ಹೇಲರ್ ಅಂದ್ರೆ ಕೊನೇ ಸ್ಟೇಜ್ ಅಲ್ವಾ?" ಅಂತ ಕೇಳುವವರಿಗೆ ಈಗ ನಾನು ಈ ಲೆಕ್ಕ ಹೇಳುತ್ತೇನೆ. ಅರ್ಧ ಜನ ಕೇಳಿಸಿಕೊಳ್ಳುತ್ತಾರೆ. ಮಹಡಿ ಮನೆ ಆಂಟಿ ಮಾತ್ರ ಪ್ರತಿ ಜೂನ್‌ನಲ್ಲೂ, ಮೃಗಶಿರಾ ಮಳೆ ಹತ್ತಿರ ಬಂದಾಗ, ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬಾ ಅನ್ನುತ್ತಾರೆ. ನಾವು ಮೀನು ತಿನ್ನುವುದಿಲ್ಲ ಆಂಟಿ ಅಂದರೆ, ಅಂಥವರಿಗೆ ಬೆಲ್ಲದಲ್ಲಿ ಕೊಡ್ತಾರಂತೆ ಕಣಮ್ಮ ಅನ್ನುತ್ತಾರೆ. ಅವರ ಹತ್ತಿರ ಎಲ್ಲದಕ್ಕೂ ಉತ್ತರ ಇದೆ.

ಇರಲಿ, ಪೀಪಿಗೆ ಬರೋಣ.

ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳುತ್ತೇನೆ. ಒದ್ದೆ ಬೆರಳಲ್ಲಿ ಕ್ಯಾಪ್ಸೂಲ್ ಮುಟ್ಟಿದರೆ ಅಂಟುತ್ತೆ. ಡಬ್ಬಿಯಿಂದ ಒಂದೇ ಒಂದು ತೆಗೆದು ತಕ್ಷಣ ಮುಚ್ಚಳ ಬಿಗಿ ಮಾಡಬೇಕು. ಪೀಪಿಯ ಬಾಯಿ ಕೆಳಗೆ ಬರುವ ಹಾಗೆ ನೆಟ್ಟಗೆ ಹಿಡಿದು, ಮೇಲಿನ ಚೌಕ ತೂತಿಗೆ ಕ್ಯಾಪ್ಸೂಲಿನ ಬಣ್ಣವಿಲ್ಲದ ತುದಿ ಮೊದಲು ಇಟ್ಟು, ಮಟ್ಟವಾಗುವ ತನಕ ಒತ್ತುತ್ತೇನೆ. ಆಮೇಲೆ ಬುಡ ತಿರುಗಿಸಿದರೆ 'ಟಕ್' ಅಂತ ಕ್ಯಾಪ್ಸೂಲ್ ಎರಡಾಗುತ್ತೆ. ಆ ಟಕ್ ಕೇಳಿದರೆ ನನಗೆ ಅರ್ಧ ಬೆಳಗಾದ ಹಾಗೆ.

ಪೀಪಿಯಿಂದ ಮುಖ ಆಚೆ ತಿರುಗಿಸಿ ಉಸಿರೆಲ್ಲ ಹೊರಗೆ ಬಿಡಬೇಕು. ಅದರೊಳಗೆ ಊದಿದರೆ ಬಾಯಿಯ ತೇವಕ್ಕೆ ಪುಡಿ ಮುದ್ದೆಯಾಗುತ್ತೆ. ಆಮೇಲೆ ತುಟಿ ಬಿಗಿ ಮಾಡಿ ಒಂದೇ ಸಲ ಜೋರಾಗಿ, ಆಳವಾಗಿ ಎಳೆಯುವುದು. ಒಳಗೆ ಕ್ಯಾಪ್ಸೂಲಿನ ಚೂರು 'ಟರ್‍ರ್' ಅನ್ನುತ್ತೆ. ಹತ್ತು ಎಣಿಸುವ ತನಕ ಉಸಿರು ಹಿಡಿಯುತ್ತೇನೆ. ನಾಲಿಗೆ ಮೇಲೆ ತೀರಾ ಸಣ್ಣ ಸಿಹಿ ಉಳಿಯುತ್ತೆ. ಔಷಧದ ಜೊತೆ ಬೆರೆಸಿರುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಅದು. ಹಲ್ಲುಜ್ಜುವ ಮೊದಲು, ಕಾಫಿಗೂ ಮೊದಲು ಸಿಗುವ ಈ ಸಿಹಿ ನನಗೆ ಇಷ್ಟ. ಯಾರ ಹತ್ತಿರವೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತೇನೆ. ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯುವುದು. ಈ ವಸ್ತುವಿನಲ್ಲಿ ನಾನು ಮೆಚ್ಚಿದ್ದು ಇದನ್ನೇ, ಹೋಯಿತಾ ಇಲ್ಲವಾ ಅಂತ ಕಣ್ಣಿಗೆ ಕಾಣುತ್ತೆ. ಕೊನೆಗೆ ಬಿಡಿಸಿ, ಕ್ಯಾಪ್ಸೂಲಿನ ಖಾಲಿ ಟೋಪಿಗಳನ್ನು ಕೊಡವಿ, ಬಾಯಿ ಮುಕ್ಕಳಿಸಿ ಗಂಟಲಿಗೂ ನೀರು ಹಾಕಿ ಗಳಗಳ ಮಾಡಿ ಉಗಿಯುವುದು. ಇದನ್ನು ಬಿಟ್ಟರೆ ಬಾಯಲ್ಲಿ ಬಿಳಿ ಪದರ ಕಟ್ಟುತ್ತೆ, ದನಿ ಒಡೆಯುತ್ತೆ. ಮೊದಲ ವರ್ಷ ಸೋಮಾರಿತನ ಮಾಡಿ ಎರಡನ್ನೂ ನೋಡಿದ್ದೇನೆ. ಹಲ್ಲುಜ್ಜುವ ಮೊದಲೇ ಎಳೆದುಕೊಂಡರೆ ಮುಕ್ಕಳಿಸುವುದು ತಾನಾಗಿಯೇ ಆಗಿಹೋಗುತ್ತೆ.

ಖರ್ಚಿನ ವಿಷಯ. ಪೀಪಿಯ ಬೆಲೆ ಹೋಟೆಲಿನ ಒಂದು ಮಸಾಲೆ ದೋಸೆ, ಒಂದು ಕಾಫಿಯಷ್ಟು. ವರ್ಷಕ್ಕೆ ಎರಡು ಕೊಳ್ಳುತ್ತೇನೆ. ಕ್ಯಾಪ್ಸೂಲ್ 30ರ ಡಬ್ಬಿ, ದಿನಕ್ಕೆ ಎರಡು, ಹಾಗಾಗಿ ತಿಂಗಳಿಗೆ ಎರಡು ಡಬ್ಬಿ. ಸಂಬಳ ಬಂದ ದಿನ ಹಾಲಿನ ಕೂಪನ್ ಜೊತೆ ಇದನ್ನೂ ತಂದುಬಿಡುತ್ತೇನೆ. ಮೊದಲ ಮೂರು ತಿಂಗಳಲ್ಲೇ ರಾತ್ರಿ ಎದ್ದು ಕೂರುವುದು ನಿಂತಿತು. ನಾಲ್ಕು ವರ್ಷ ಇದನ್ನು ಹೊಗಳಿಕೊಂಡು ಓಡಾಡಿದೆ. ನಮ್ಮ ಅತ್ತೆಗೂ ಶುರು ಮಾಡಿಸಿದೆ.

ಅತ್ತೆಯದ್ದು ಬೇರೆಯೇ ಕತೆ. ಅವರು ಊರಿನಲ್ಲಿ ಚೀಟಿ ತೋರಿಸಿ ಅಂಗಡಿಯಿಂದ ಔಷಧ ತಂದರು. ಹದಿನೈದು ದಿನ ಬಿಟ್ಟು ಫೋನ್ ಮಾಡಿ "ನಿನ್ನ ಔಷಧಿ ಏನೂ ಪ್ರಯೋಜನ ಇಲ್ಲ ಕಣೇ" ಅಂದರು. ಪೀಪಿ ತಿರುಗಿಸಿದಾಗ ಶಬ್ದ ಬರುತ್ತಾ ಅತ್ತೆ ಅಂದೆ. "ಯಾವ ಪೀಪಿ?" ಅಂದರು. ಅಂಗಡಿಯವನು ಬರೀ ಕ್ಯಾಪ್ಸೂಲ್ ಡಬ್ಬಿ ಕೊಟ್ಟು ಕಳಿಸಿದ್ದ. ಇವರು ಊಟ ಆದಮೇಲೆ ಬಿಸಿನೀರಿನ ಜೊತೆ ನುಂಗುತ್ತಿದ್ದರು. "ಮಾತ್ರೆ ಅಂದ್ಮೇಲೆ ನುಂಗೋದಲ್ವೇನೇ?" ಅವರು ಕೇಳಿದ್ದು ಸರಿಯಾಗೇ ಇದೆ. ನೋಡಲು ಅದು ನುಂಗುವ ಕ್ಯಾಪ್ಸೂಲಿನ ಹಾಗೇ ಇರುತ್ತೆ. ನುಂಗಬಾರದು ಅಂತ ಡಬ್ಬಿ ಮೇಲೆ ಬರೆದಿರುವುದು ಎಪ್ಪತ್ತು ದಾಟಿದ ಕಣ್ಣಿಗೆ ಕಾಣಬೇಕಲ್ಲ.

ಅವತ್ತು ನಕ್ಕೆ. ನಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು.

2022ರ ಜುಲೈ. ತವರುಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿ. ನಾಲ್ಕು ದಿನದಿಂದ ಬಿಡದ ಮಳೆ. ಗೋಡೆಯೆಲ್ಲ ಬೆವರಿದ ಹಾಗೆ ಒದ್ದೆ, ಬಟ್ಟೆಗೆಲ್ಲ ಬೂಷ್ಟಿನ ವಾಸನೆ. ಬಚ್ಚಲ ಒಲೆಯಲ್ಲಿ ಹಸಿ ಕಟ್ಟಿಗೆಯ ಹೊಗೆ. ಚಳಿ ಅಂತ ಅಮ್ಮ ಅಟ್ಟದಿಂದ ಹಳೇ ಕಂಬಳಿ ಇಳಿಸಿದಳು. ನಾನೂ ಬುದ್ಧಿಯಿಲ್ಲದೆ ಅದನ್ನು ಕೊಡವಿದೆ. ರಾತ್ರಿ ಒಂದೂವರೆಗೆ ಎದೆ ಬಿಗಿದು ಎದ್ದೆ.

ಪೀಪಿ ತೆಗೆದೆ. ಮಧ್ಯಾಹ್ನ ಆತುರದಲ್ಲಿ ಡಬ್ಬಿ ಮುಚ್ಚಳ ಸಡಿಲ ಬಿಟ್ಟಿದ್ದೆ ಅಂತ ಕಾಣುತ್ತೆ. ಕ್ಯಾಪ್ಸೂಲ್ ಮುಟ್ಟಿದರೆ ನೆನೆದ ಅವಲಕ್ಕಿ ಥರ ಮೆತ್ತಗೆ. ತಿರುಗಿಸಿದೆ, ಟಕ್ ಅನ್ನಲಿಲ್ಲ, ನಜ್ಜುಗುಜ್ಜಾಗಿ ಸಿಕ್ಕಿಕೊಂಡಿತು. ಎರಡನೆಯದೂ ಹಾಗೇ. ಮೂರನೆಯದು ಬಿಟ್ಟುಕೊಂಡಿತು. ಬಾಯಿಗಿಟ್ಟು ಎಳೆದೆ, ಟರ್‍ರ್ ಬರಲಿಲ್ಲ. ಮತ್ತೆ ಎಳೆದೆ. ಟಾರ್ಚ್ ಬೆಳಕಿಗೆ ಹಿಡಿದರೆ ಪುಡಿ ಹಾಗೇ ಕೂತಿದೆ, ಬಿಳೀ ರಂಗೋಲಿ ಹಿಟ್ಟಿನ ಹಾಗೆ. ಔಷಧ ಕೈಯಲ್ಲಿದೆ, ಕಣ್ಣಿಗೆ ಕಾಣುತ್ತಿದೆ, ಒಳಗೆ ಹೋಗುತ್ತಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಈ ಯಂತ್ರಕ್ಕೆ ಸ್ವಂತ ಬಲ ಇಲ್ಲ. ಗ್ಯಾಸ್ ಇಲ್ಲ, ಒತ್ತುವ ಗುಂಡಿ ಇಲ್ಲ. ಪುಡಿಯನ್ನು ಎಬ್ಬಿಸಬೇಕಾದ್ದು ನಮ್ಮ ಉಸಿರೇ. ಉಸಿರು ಕೊಡು ಅಂತ ಅದರ ಹತ್ತಿರ ಹೋದರೆ, ಮೊದಲು ನೀನು ಕೊಡು ಅನ್ನುತ್ತೆ!

ಅಣ್ಣ ಜೀಪ್ ತೆಗೆದ. ಆ ಮಳೆಯಲ್ಲಿ ಹದಿನಾರು ಕಿಲೋಮೀಟರ್. ಆಸ್ಪತ್ರೆಯಲ್ಲಿ ಆಕ್ಸಿಜನ್, ನೆಬ್ಯುಲೈಸರ್, ಒಂದು ಇಂಜೆಕ್ಷನ್. ಬೆಳಗಿನ ಹೊತ್ತಿಗೆ ಸರಿಹೋದೆ. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. ಕೇಳಿದ್ದು ಒಂದೇ ಪ್ರಶ್ನೆ, "ಮೇಡಂ, ನಿಮ್ಮ ಹತ್ರ ಪಂಪು, ಸ್ಪೇಸರ್ ಇಲ್ವಾ?" ಇರಲಿಲ್ಲ. ಪೀಪಿ ಬಂದ ಮೇಲೆ ನೀಲಿ ಪಂಪನ್ನು ಎಸೆದುಬಿಟ್ಟಿದ್ದೆ. ಎಸೆಯಿರಿ ಅಂತ ಯಾರೂ ಹೇಳಿರಲಿಲ್ಲ. ಇಟ್ಟುಕೊಳ್ಳಿ ಅಂತಲೂ ಹೇಳಿರಲಿಲ್ಲ.

ಎರಡು ತಿಂಗಳು ಪೀಪಿಯನ್ನು ಮುಟ್ಟಲಿಲ್ಲ. ಕ್ಯಾಪ್ಸೂಲಿನಲ್ಲಿದ್ದ ಅದೇ ಔಷಧದ ಪಂಪ್ ಮತ್ತು ಸ್ಪೇಸರ್ ತಂದೆ. ಸ್ಪೇಸರ್ ಅಂದರೆ ದೊಡ್ಡ ಪ್ಲಾಸ್ಟಿಕ್ ಕೊಳವೆ. ಒಂದು ತುದಿಗೆ ಪಂಪ್ ಸಿಕ್ಕಿಸಿ ಒತ್ತಿದರೆ ಔಷಧ ಕೊಳವೆಯಲ್ಲಿ ನಿಲ್ಲುತ್ತೆ, ಇನ್ನೊಂದು ತುದಿಯಿಂದ ನಿಧಾನವಾಗಿ ಉಸಿರಾಡಬಹುದು. ಕಷ್ಟದಲ್ಲಿದ್ದಾಗ ಸಣ್ಣಸಣ್ಣ ಉಸಿರೂ ಸಾಕು. ಗುಣದಲ್ಲಿ ಬಂಗಾರ. ಆದರೆ ಗಾತ್ರ ನೋಡಿ, ಹ್ಯಾಂಡ್‌ಬ್ಯಾಗಿನಲ್ಲಿ ಅದೊಂದಿದ್ದರೆ ಟಿಫನ್ ಡಬ್ಬಿಗೆ ಜಾಗ ಇಲ್ಲ. ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು, ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ಸ್ಥಿರವಿದ್ಯುತ್ ಬಂದು ಔಷಧ ಗೋಡೆಗೇ ಅಂಟುತ್ತೆ. ಇನ್ನು ನನ್ನ ಪಂಪಿನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿಯೇ ಇಲ್ಲ. ಔಷಧ ಮುಗಿದರೂ ಗ್ಯಾಸ್ 'ಬುಸ್' ಅನ್ನುತ್ತಲೇ ಇರುತ್ತೆ. ಶುರು ಮಾಡಿದ ತಾರೀಕನ್ನು ಮಾರ್ಕರ್‌ನಲ್ಲಿ ಬರೆದು, ಲೆಕ್ಕ ಇಟ್ಟು ಸಾಕಾಯಿತು. ದಿನವೆಲ್ಲ ನೋಟು ಎಣಿಸಿ ಮನೆಗೆ ಬಂದು ಪಂಪಿನ ಬುಸ್ ಎಣಿಸೋದಾ?

ಪೀಪಿಯಲ್ಲಿ ಆ ತಲೆನೋವಿಲ್ಲ. ಡಬ್ಬಿಯಲ್ಲಿ ಹನ್ನೊಂದು ಕ್ಯಾಪ್ಸೂಲ್ ಕಂಡರೆ ಹನ್ನೊಂದು ಇದೆ ಅಂತ ಅರ್ಥ. ಡಾಕ್ಟರನ್ನು ಕೇಳಿ ಮತ್ತೆ ಅದಕ್ಕೇ ಬಂದೆ, ಸ್ವಲ್ಪ ನಾಚಿಕೆಯಿಂದಲೇ. ಅವರ ಏರ್ಪಾಡು ಹೀಗಿದೆ: ಬೆಳಿಗ್ಗೆ, ರಾತ್ರಿ ಪೀಪಿ. ಬ್ಯಾಗಿನಲ್ಲಿ ಪಂಪ್, ಸ್ಪೇಸರ್ ಯಾವಾಗಲೂ. ಜೊತೆಗೆ ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತೆ ಅಂತ ಅಳೆಯುವ ಒಂದು ಪೀಕ್ ಫ್ಲೋ ಮೀಟರ್. ಅದು ನಿಜಕ್ಕೂ ಊದುವ ಪೀಪಿ, ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆಯಬೇಕು. ನನ್ನ ಒಳ್ಳೇ ದಿನದ ಅಂಕಿ 380. 300ರ ಆಸುಪಾಸಿಗೆ ಇಳಿದರೆ ಹುಷಾರು. 380ರ ಅರ್ಧ, 190, ಮುಟ್ಟಿದರೆ ಪಂಪ್ ತೆಗೆದುಕೊಂಡು ನೇರ ಆಸ್ಪತ್ರೆ. ನಿಮ್ಮ ಅಂಕಿ, ನಿಮ್ಮ ಡೋಸ್ ಬೇರೆ ಇರುತ್ತೆ, ನನ್ನದನ್ನು ನೋಡಿ ಬದಲಿಸಬೇಡಿ.

ಈಗ ಎರಡು ಪೀಪಿ ಇಟ್ಟುಕೊಂಡಿದ್ದೇನೆ. ಒಂದು ತೊಳೆದು ಪೂರ್ತಿ ಒಣಗುವ ತನಕ ಇನ್ನೊಂದು ಬಳಸುತ್ತೇನೆ. ಊರಿಗೆ ಹೋಗುವಾಗ ಕ್ಯಾಪ್ಸೂಲ್ ಡಬ್ಬಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಇಡುತ್ತೇನೆ, ಅಮ್ಮ ಹಪ್ಪಳ ಇಡುವ ಹಾಗೆ. ಅಟ್ಟದ ಕಂಬಳಿ ನನ್ನ ಕಣ್ಣಿಗೆ ಬೀಳದ ಹಾಗೆ ಅಮ್ಮ ನೋಡಿಕೊಳ್ಳುತ್ತಾಳೆ. ಅತ್ತೆಯೂ ಸರಿಯಾಗಿ ಎಳೆಯಲು ಕಲಿತರು, ಆದರೆ ಅವರ ಉಸಿರಿಗೆ ಟರ್‍ರ್ ಶಬ್ದ ಬರುವುದಿಲ್ಲ. ಡಾಕ್ಟರ್ ಅವರಿಗೆ ಸ್ಪೇಸರ್ ಬರೆದುಕೊಟ್ಟಿದ್ದಾರೆ. ವಯಸ್ಸಾದವರಿಗೆ ಕೊಳ್ಳುವುದಿದ್ದರೆ ಅಂಗಡಿಗೆ ಹೋಗುವ ಮೊದಲೇ ಡಾಕ್ಟರ್ ಮುಂದೆ ಒಂದು ಸಲ ಎಳೆಸಿ ನೋಡಿ.

ಮಾರ್ಕ್ಸ್ ಕೊಡಬೇಕಲ್ವಾ. ಬೆಂಗಳೂರಿನಲ್ಲಿ, ಆರಾಮಾಗಿರುವ ದಿನಗಳಲ್ಲಿ, ಐದಕ್ಕೆ ನಾಲ್ಕು. ಸಾಗರದ ಜುಲೈನಲ್ಲಿ, ರಾತ್ರಿ ಒಂದೂವರೆಗೆ, ಐದಕ್ಕೆ ಒಂದು. ಆ ಒಂದು ಕೂಡ ಒಳಗಿರುವುದು ಹೊರಗಿಂದಲೇ ಕಾಣುವ ಪ್ಲಾಸ್ಟಿಕ್‌ಗೆ. ಪುಡಿ ಒಳಗೆ ಹೋಗಿಲ್ಲ ಅಂತ ಟಾರ್ಚ್ ಬೆಳಕಿನಲ್ಲಿ ಕಾಣದೇ ಇದ್ದಿದ್ದರೆ, ಅಣ್ಣನನ್ನು ಎಬ್ಬಿಸದೆ ಇನ್ನೂ ಒಂದು ಗಂಟೆ ಕಾಯುತ್ತಾ ಕೂತಿರುತ್ತಿದ್ದೆ.