ಮತಗಟ್ಟೆಯ ಪೆನ್ಸಿಲ್: ಐದಕ್ಕೆ ನಾಲ್ಕು ಸ್ಟಾರ್, ದಾರಕ್ಕೆ ಒಂದೇ

ಈ ರಿವ್ಯೂನಲ್ಲಿರುವ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಗೆ ತರೋ ಹಾಗೂ ಇಲ್ಲ, ದಾರ ಕಟ್ಟಿರುತ್ತಾರೆ. ಇಂಗ್ಲೆಂಡಿನ ಮತಗಟ್ಟೆಯಲ್ಲಿ ವೋಟು ಹಾಕಲು ಇಟ್ಟಿರುವ ಪೆನ್ಸಿಲ್ ಅದು. 2024ರ ಜುಲೈ 4ರ ಸಾರ್ವತ್ರಿಕ ಚುನಾವಣೆಯಲ್ಲಿ ನಾನು ಅದನ್ನು ಮೊದಲ ಸಲ ಹಿಡಿದೆ. ಹಿಡಿದದ್ದು ಹೆಚ್ಚೆಂದರೆ ಹತ್ತು ಸೆಕೆಂಡು, ತಲೆ ಕೆಡಿಸಿಕೊಂಡದ್ದು ಒಂದು ವಾರ.

"ನಿಂಗೆ ಅಲ್ಲಿ ವೋಟು ಎಲ್ಲಿಂದ ಬಂತು?" ಅಂತ ಮೈಸೂರಿನಿಂದ ಅಪ್ಪ ಕೇಳಿದರು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟೇ. ಆದರೆ ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನು ಪ್ರಕಾರ ನೆಲೆಸಿದ್ದರೆ ಹೆಸರು ಸೇರಿಸಿಕೊಂಡು ವೋಟು ಹಾಕಬಹುದು. ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು ಅನ್ನುವ ನಿಯಮ ಇಂಗ್ಲೆಂಡಿನಲ್ಲಿ 2023ರಲ್ಲಿ ಬಂತು. ಅದಕ್ಕೂ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.

ಹಿಂದಿನ ರಾತ್ರಿ ಪಕ್ಕದ ಬೀದಿಯ ಹುಬ್ಬಳ್ಳಿ ಅಕ್ಕ ಫೋನ್ ಮಾಡಿದ್ದರು. "ತಂಗಿ, ಪೆನ್ಸಿಲ್ ಮುಟ್ಟಬ್ಯಾಡ ನೋಡು, ಆಮ್ಯಾಲೆ ಅಳಿಸಿಬಿಡ್ತಾರಂತ. ನಾ ಅಂತೂ ನಮ್ಮ ಮನಿ ಪೆನ್ನ ಒಯ್ಯಾಕಿ." ಈ ಅನುಮಾನ ಅಕ್ಕನದೊಂದೇ ಅಲ್ಲ. 2014ರ ಸ್ಕಾಟ್ಲೆಂಡ್ ಜನಮತಗಣನೆಯಲ್ಲೂ ಇದೇ ಗುಸುಗುಸು, 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ "ಪೆನ್ ಬಳಸಿ" ಅಂತ ಹ್ಯಾಶ್‌ಟ್ಯಾಗ್ ಕೂಡ ಓಡಿತ್ತು. ಪೆನ್ಸಿಲ್ಲೇ ಆಗಬೇಕು ಅಂತ ಯಾವ ಕಾನೂನೂ ಇಲ್ಲ, ನಿಮ್ಮ ಪೆನ್ ತಂದರೂ ಯಾರೂ ಕೇಳುವುದಿಲ್ಲ. ಕೊರೊನಾ ಕಾಲದ 2021ರ ಮೇ ಚುನಾವಣೆಯಲ್ಲಂತೂ ನಿಮ್ಮ ಪೆನ್ನೋ ಪೆನ್ಸಿಲ್ಲೋ ನೀವೇ ತನ್ನಿ ಅಂತ ಚುನಾವಣೆ ನಡೆಸುವವರೇ ಹೇಳಿದ್ದರು.

ಮತಗಟ್ಟೆ ಒಂದು ಪ್ರೈಮರಿ ಸ್ಕೂಲಿನ ಹಾಲ್‌ನಲ್ಲಿತ್ತು. ಬೆರಳಿಗೆ ಮಸಿ ಹಚ್ಚಲಿಲ್ಲ. 1962ರಿಂದ ಇಡೀ ದೇಶದ ಬೆರಳಿಗೆ ಮಸಿ ಕೊಡುತ್ತಿರುವ ಊರಿನವಳಿಗೆ ಇದು ಸ್ವಲ್ಪ ಬೇಜಾರಿನ ವಿಷಯ, ಬಿಡಿ. ವೋಟಿನ ಚೀಟಿ ಕೊಟ್ಟರು, ಹಲಗೆಯ ಮರೆಗೆ ಹೋದೆ. ಅಲ್ಲಿತ್ತು ನಮ್ಮ ಹೀರೋ. ನನ್ನ ತೋರುಬೆರಳಿನಷ್ಟೇ ಉದ್ದ, ಹಿಂದೆ ರಬ್ಬರ್ ಇಲ್ಲ, ತುದಿ ಮೊಂಡು. ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಮತದಾನ ನಡೆಯುತ್ತದೆ, ನಾನು ಹೋದದ್ದು ಸಂಜೆ 6ಕ್ಕೆ. ಅಷ್ಟು ಹೊತ್ತಿಗೆ ಯಾರಾದರೂ ಒಂದು ಸಲ ಮೆಂಡರ್ ತಿರುಗಿಸಬಹುದಿತ್ತು ಅಲ್ವಾ?

ದಾರ ಮಾತ್ರ ಅನ್ಯಾಯ. ನಾನು ಎಡಚಿ, ದಾರ ಕಟ್ಟಿದ್ದು ಬಲಗಡೆ. ಪೆನ್ಸಿಲ್ಲನ್ನು ಎಡಗೈಗೆ ತಂದರೆ ದಾರ ಚೀಟಿಯ ಮೇಲೆ ಅಡ್ಡಡ್ಡ ಬಿಗಿದುಕೊಂಡು ಕೂತಿತು, ಅಭ್ಯರ್ಥಿಗಳ ಹೆಸರೇ ಕಾಣಿಸಲಿಲ್ಲ. ಕೊನೆಗೆ ಚೀಟಿಯನ್ನೇ ಬಲಕ್ಕೆ ಎಳೆದು, ನಾನೂ ಬಾಗಿ ಹಾಕಿದೆ. ಹಾಕಬೇಕಾದ ಗುರುತು ಇಂಟು ಮಾರ್ಕು. ಸ್ಕೂಲಲ್ಲಿ ಇಂಟು ಅಂದರೆ ತಪ್ಪು, ಇಲ್ಲಿ ನಮಗೆ ಇಷ್ಟವಾದವರ ಮುಂದೆ ಅದನ್ನೇ ಹಾಕಬೇಕು! ಕೈ ಒಂದು ಕ್ಷಣ ತಡೆಯಿತು. (ರೈಟು ಗುರುತು ಹಾಕಿದರೂ ಯಾರಿಗೆ ಹಾಕಿದ್ದು ಅಂತ ಸ್ಪಷ್ಟವಾಗಿದ್ದರೆ ಲೆಕ್ಕಕ್ಕೆ ತಗೊಳ್ಳುತ್ತಾರೆ.)

ಈಗ ಪೆನ್ ಯಾಕಿಲ್ಲ ಅನ್ನೋದಕ್ಕೆ ಬರೋಣ. ಇದು ಎಡಚರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೈಸ್ಕೂಲಿನಲ್ಲಿ ಇಂಕ್ ಪೆನ್ನಲ್ಲಿ ಬರೆಯುತ್ತಾ ಹೋದ ಹಾಗೆ ನನ್ನ ಕೈಯೇ ಹಿಂದಿನಿಂದ ಬಂದು ಒರೆಸಿಕೊಂಡು ಹೋಗುತ್ತಿತ್ತು. ಸಂಜೆ ಮನೆಗೆ ಬಂದರೆ ಅಂಗೈ ಅಂಚೆಲ್ಲ ನೀಲಿ. ವೋಟಿನ ಚೀಟಿಯನ್ನು ಗುರುತು ಹಾಕಿದ ತಕ್ಷಣ ಮಡಚುತ್ತೇವೆ. ಇಂಕು ಒಣಗಿಲ್ಲದಿದ್ದರೆ ಅದು ಎದುರಿನ ಅರ್ಧಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಇನ್ನೊಬ್ಬರ ಹೆಸರಿದ್ದರೆ? ಇಬ್ಬರಿಗೂ ಹಾಕಿದ ಹಾಗೆ ಕಂಡು ವೋಟೇ ತಿರಸ್ಕಾರ ಆಗಬಹುದು.

ಮನೆಗೆ ಬಂದು ಪರೀಕ್ಷೆ ಮಾಡಿಯೇ ಬಿಟ್ಟೆ. ನೋಟ್‌ಬುಕ್ಕಿನ ನಾಲ್ಕು ಹಾಳೆ, ನಾಲ್ಕು ಇಂಟು, ಮೂರು ಎಣಿಸಿ ಮಡಚಿದ್ದು. ಇಂಕ್ ಪೆನ್: ಎದುರಿಗೆ ಅಚ್ಚೊತ್ತಿದ ಹಾಗೆ ಎರಡನೇ ಇಂಟು. ಜೆಲ್ ಪೆನ್: ತೆಳ್ಳಗೆ, ಆದರೆ ಕಣ್ಣಿಗೆ ಕಾಣುವಷ್ಟು. ಬಾಲ್ ಪೆನ್: ಏನೂ ಇಲ್ಲ. ಪೆನ್ಸಿಲ್: ಏನೂ ಇಲ್ಲ. ಹಾಗಾದರೆ ಬಾಲ್ ಪೆನ್ ಇಡಬಹುದಲ್ಲ ಅಂತೀರಿ. ಬ್ಯಾಂಕಿನಲ್ಲಿ ಚೈನು ಕಟ್ಟಿಟ್ಟಿರುವ ಪೆನ್ ನೆನಪು ಮಾಡಿಕೊಳ್ಳಿ, ಯಾವತ್ತಾದರೂ ಮೊದಲ ಗೀಟಿಗೇ ಬರೆದಿದೆಯಾ? ಚುನಾವಣೆ ದಿನಾ ಬರುವುದಿಲ್ಲ. ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಪೆನ್ ಒಣಗುತ್ತದೆ, ಇಲ್ಲ ಸೋರುತ್ತದೆ. ಪೆನ್ಸಿಲ್‌ಗೆ ಈ ಯಾವ ರೋಗವೂ ಇಲ್ಲ, ಮೊನಚು ಮಾಡಿದರೆ ಮತ್ತೆ ಹೊಸದು.

ಆಮೇಲೆ ಅಕ್ಕನ ಭಯದ ಪರೀಕ್ಷೆ. ರಬ್ಬರ್ ಹಾಕಿ ಉಜ್ಜಿದೆ. ಕಪ್ಪು ಹೋಯಿತು, ಆದರೆ ಒತ್ತಿ ಬರೆದ ಕುಳಿ ಹಾಗೇ ಉಳಿಯಿತು, ಹಾಳೆಯ ಮೈಯೂ ತರಿತರಿ. ಒಂದೇ ಚೀಟಿಗೆ ಅರ್ಧ ನಿಮಿಷ ಹಿಡಿಯಿತು. ಒಂದು ಕ್ಷೇತ್ರದಲ್ಲಿ 70 ಸಾವಿರದ ಆಸುಪಾಸು ಮತದಾರರು. ಪೆಟ್ಟಿಗೆಗೆ ಸೀಲು ಹಾಕಿರುತ್ತಾರೆ, ಅಭ್ಯರ್ಥಿಗಳ ಏಜೆಂಟರೂ ತಮ್ಮ ಸೀಲು ಹಾಕಬಹುದು, ಎಣಿಸುವಾಗ ಅವರೆಲ್ಲ ಎದುರಿಗೇ ನಿಂತಿರುತ್ತಾರೆ. ಅಷ್ಟು ಜನರ ಕಣ್ಣೆದುರು ಕೂತು ಉಜ್ಜುವವರು ಯಾರು? ಇನ್ನೊಂದು ವಿಷಯ. ಕೆಡಿಸಲೇಬೇಕು ಅಂದುಕೊಂಡವನು ಅಳಿಸೋದ್ಯಾಕೆ? ಪಕ್ಕದಲ್ಲಿ ಇನ್ನೊಂದು ಇಂಟು ಗೀಚಿದರೆ ಸಾಕು, ವೋಟು ಹಾಳು. ನೀವು ಪೆನ್ನಲ್ಲಿ ಹಾಕಿದ್ದರೂ ಅಷ್ಟೇ. ವೋಟು ಕಾಯುವುದು ಪೆಟ್ಟಿಗೆ ಮತ್ತು ಸೀಲು, ಪೆನ್ನಲ್ಲ. ಅಂದ ಹಾಗೆ ಈ ದೇಶದಲ್ಲಿ ಗುಪ್ತ ಮತದಾನ ಮೊದಲು ನಡೆದ 1872ರ ಪಾಂಟಿಫ್ರಾಕ್ಟ್ ಉಪಚುನಾವಣೆಯಲ್ಲಿ ಪೆಟ್ಟಿಗೆಯ ಅರಗಿಗೆ ಒತ್ತಿದ್ದು ಜ್ಯೇಷ್ಠಮಧು ಮಿಠಾಯಿ ಕಾರ್ಖಾನೆಯ ಮುದ್ರೆಯಂತೆ!

ಇದನ್ನೆಲ್ಲ ಅಪ್ಪನಿಗೆ ಹೇಳಿದರೆ ಅವರು ನಕ್ಕರು. ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಎಷ್ಟೋ ಚುನಾವಣೆ ಡ್ಯೂಟಿ ಮಾಡಿದವರು. ನಮ್ಮಲ್ಲಿ ಮತಯಂತ್ರ ಬರುವ ಮೊದಲು, ಸ್ವಸ್ತಿಕದ ಹಾಗೆ ಒಂದೇ ಸುತ್ತಿಗೆ ತಿರುಗಿದ ಬಾಣದ ತುದಿಗಳಿರುವ ಇಂಟು ಆಕಾರದ ರಬ್ಬರ್ ಸೀಲು ಒತ್ತಿಸುತ್ತಿದ್ದರು. ಮಡಚಿದಾಗ ಅಂಟಿದ ನಕಲು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ, ಯಾವುದು ಅಸಲು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. "ಮೊದ್ಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ" ಅಂತ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಕಟ್ಟುತ್ತಿತ್ತಂತೆ. ಉದ್ದಕ್ಕೆ ಮಡಚಿದರೆ ಮಸಿ ಅದೇ ಅಭ್ಯರ್ಥಿಯ ಸಾಲಿನಲ್ಲೇ ಅಂಟುತ್ತದೆ ನೋಡಿ. ಅದೇ ತೊಂದರೆಗೆ ಇಲ್ಲಿನವರು ಪೆನ್ಸಿಲ್ ಹಿಡಿದರು, ನಮ್ಮವರು ಸೀಲಿನ ಆಕಾರವನ್ನೇ ಹಾಗೆ ಮಾಡಿದರು. ನನ್ನ ಮಟ್ಟಿಗೆ ನಮ್ಮದೇ ಜಾಣತನ. ಆದರೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಅಪ್ಪ ವೋಟು ಹಾಕುವಾಗ ಮತಗಟ್ಟೆಯವರು ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲೇ ಬರೆಯಬೇಕು, ಜೇಬಿನ ಪೆನ್ ತೆಗೆದರೆ ವೋಟು ಅಸಿಂಧು. ಅಷ್ಟು ಕಟ್ಟುನಿಟ್ಟು ಇಲ್ಲಿಲ್ಲ.

ಪೆನ್ಸಿಲ್‌ಗೆ ನಾಲ್ಕು ಸ್ಟಾರ್, ಮೊಂಡಾಗಿದ್ದಕ್ಕೆ ಒಂದು ಕಡಿಮೆ. ದಾರಕ್ಕೆ ಒಂದು, ಅದೂ ಗಂಟು ಗಟ್ಟಿ ಇದ್ದದ್ದಕ್ಕೆ. ಹೊರಗೆ ಬರುವಾಗ ಅಲ್ಲಿದ್ದ ಸಿಬ್ಬಂದಿಗೆ ಹೇಳಿದೆ, ಅವರು ಪಾಪ ತಕ್ಷಣ ಎದ್ದು ಹೋಗಿ ಒಂದು ಬೂತಿನ ದಾರವನ್ನು ಎಡಗಡೆಗೆ ಅಂಟಿಸಿದರು.

ಅಕ್ಕನಿಗೆ ನಾಲ್ಕೂ ಹಾಳೆ ತೋರಿಸಿ, ನೀವು ಯಾವ ಪೆನ್ ಒಯ್ದಿದ್ದಿರಿ ಅಂತ ಕೇಳಿದೆ. ಜೆಲ್ ಪೆನ್ನಂತೆ. ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ನಂಗೇನು ತಿಳಿಯಂಗಿಲ್ಲೇನು? ಊದಿ ಊದಿ ಒಣಗಿಸೇ ಮಡಚೀನಿ ತಂಗಿ. ಹಿಂದಿನಾಕಿ ಕೆಮ್ಮಿ ಕೆಮ್ಮಿ ಸಾಕಾದ್ಲು."