ಮಂಗಳೂರು–ಉಡುಪಿ ಓಡಾಟಕ್ಕೆ ಯಾವ ಕಾರು ಅಗ್ಗ?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿಗೆ ಹೋಗಿ ಬರಲು ಸುಮಾರು 120 ಕಿ.ಮೀ. ಆಗುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 100 ರೂಪಾಯಿ ಹಿಡಿದರೂ, 800 ರೂಪಾಯಿ ಬೇಕು. ಎಲೆಕ್ಟ್ರಿಕ್ ಕಾರು, ಚಾರ್ಜಿಂಗಿನಲ್ಲಿ ಪೋಲಾಗುವುದೂ ಸೇರಿ, ಸುಮಾರು 20 ಯೂನಿಟ್ ಬಳಸುತ್ತದೆ. ಮನೆಯಲ್ಲಿ ಯೂನಿಟ್‌ಗೆ 6 ರೂಪಾಯಿಯಂತೆ 120 ರೂಪಾಯಿ ಸಾಕು, ಸಾರ್ವಜನಿಕ ಚಾರ್ಜರಿನಲ್ಲಿ 20 ರೂಪಾಯಿ ತೆತ್ತರೆ 400 ಆಗುತ್ತದೆ. ಆದ್ದರಿಂದ ಮಂಗಳೂರಿನ ಕದ್ರಿಯಂಥ ಕಡೆ ಫ್ಲ್ಯಾಟಿನಲ್ಲಿರುವವರು, ತಮ್ಮ ಮೀಟರಿನಿಂದ ಪಾರ್ಕಿಂಗ್ ಜಾಗದವರೆಗೆ ವೈರ್ ಎಳೆಯಲು ನಿವಾಸಿಗಳ ಸಂಘ ಒಪ್ಪುತ್ತದೆಯೇ ಎಂದು ಬುಕಿಂಗಿಗೆ ಮೊದಲೇ ವಿಚಾರಿಸಲೇಬೇಕು. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲಿನ ಖರ್ಚಿಲ್ಲ. ಟೈರು ಮಾತ್ರ ಭಾರಕ್ಕೆ ಬೇಗ ಸವೆಯಬಹುದು. ಅದರ ಖರೀದಿ ಬೆಲೆ ಪೆಟ್ರೋಲ್ ಕಾರಿಗಿಂತ 4 ಲಕ್ಷ ಹೆಚ್ಚಿದ್ದರೆ, ಮನೆಯಲ್ಲೇ ಚಾರ್ಜ್ ಮಾಡಿದರೂ ಆ ಹಣ ಉಳಿತಾಯದಲ್ಲಿ ವಾಪಸ್ ಬರಲು ಸುಮಾರು 70,000 ಕಿ.ಮೀ. ಓಡಬೇಕು, ದಿನವೂ ಉಡುಪಿಗೆ ಹೋಗುವವರಿಗೆ ಅದು ಎರಡು–ಎರಡೂವರೆ ವರ್ಷದ ಮಾತು, ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಪೆಟ್ರೋಲೇ ಲೇಸು.