ವಿದ್ಯಾರ್ಥಿವೇತನದ ಅರ್ಜಿ: ತುಮಕೂರಿನ ಬಿ.ಎಚ್. ರಸ್ತೆಯ ಆನ್‌ಲೈನ್ ಸೇವಾ ಕೇಂದ್ರದ ಅನುಭವ

ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬಂದು ತುಮಕೂರಿನಲ್ಲಿ ಬಿ.ಕಾಂ.ಗೆ ಸೇರಿದ ಅಣ್ಣನ ಮಗಳಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಲು ಈ ಕೇಂದ್ರಕ್ಕೆ ಹೋಗಿದ್ದೆವು. ಅದಕ್ಕೂ ಮೊದಲು ಬೇರೊಂದು ಕಡೆ ಅವಳ ಅಂಕಪಟ್ಟಿಯನ್ನಷ್ಟೇ ನೋಡಿ "ಶೇ. 91 ಇದೆ, ಸ್ಕಾಲರ್‌ಶಿಪ್ ಬಂದೇ ಬರುತ್ತೆ" ಎಂದಿದ್ದರು. ಆ ಮಾತನ್ನು ನಂಬಿ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋಗದೆ ಮೂರು ವಾರ ಕಳೆದುಕೊಂಡೆವು.

ಇಲ್ಲಿನ ಮಾಲೀಕರು ಮೊದಲು ಕೇಳಿದ್ದೇ ಆದಾಯ ಪ್ರಮಾಣಪತ್ರವನ್ನು. ಅಣ್ಣನಿಗೆ ಅದನ್ನು ತೋರಿಸಲು ಮನಸ್ಸಿರಲಿಲ್ಲ. ಮಗಳು ಓದಿ ಗಳಿಸಿದ್ದು ಬರಲಿ, ಬಡತನ ಹೇಳಿಕೊಂಡು ಪಡೆಯುವುದು ಬೇಡ ಎಂಬುದು ಅವನ ಹಟ. ಮಾಲೀಕರು ಹಳೆಯ ಜೆರಾಕ್ಸ್ ಹಾಳೆಯೊಂದರ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ 'ಅಂಕ', ಇನ್ನೊಂದು ಕಡೆ 'ಆದಾಯ' ಎಂದು ಬರೆದು ವಿವರಿಸತೊಡಗಿದರು.

ಅಂಕವನ್ನಷ್ಟೇ ನೋಡುವ ನೆರವಿಗೆ ಅವರು ಕೊಟ್ಟ ಉದಾಹರಣೆ ಕೇಂದ್ರ ಸರ್ಕಾರದ ಇನ್‌ಸ್ಪೈರ್. ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಸಿಗುವ ಆ ಯೋಜನೆಗೆ ಆದಾಯದ ಮಿತಿಯಿಲ್ಲ, ಬಿ.ಕಾಂ. ಓದುವ ನಮ್ಮ ಹುಡುಗಿಗೆ ಅದು ಅನ್ವಯಿಸುವುದೂ ಇಲ್ಲ. ಇನ್ನೊಂದು ಕಡೆ ವಿದ್ಯಾಸಿರಿ: ಆದಾಯ ಮಿತಿಯೊಳಗಿದ್ದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ನಾವು ಹೋದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದ ನೆರವು. ಎರಡನ್ನೂ ನೋಡುವ ಯೋಜನೆಯೂ ಇದೆ ಎಂದು ಗೆರೆಯ ಮೇಲೆಯೇ ಬರೆದರು: ಕೇಂದ್ರದ ಪದವಿ ವಿದ್ಯಾರ್ಥಿವೇತನ. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರೊಳಗಿದ್ದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದವರಿಗೆ ವರ್ಷಕ್ಕೆ 12,000 ರೂಪಾಯಿ. ಮುಂದಿನ ವರ್ಷಕ್ಕೂ ಬೇಕಾದರೆ ಶೇ. 50 ಅಂಕ ಮತ್ತು ಶೇ. 75 ಹಾಜರಿ ಇರಬೇಕು. ವಿದ್ಯಾಸಿರಿಯಂಥ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪಡೆಯುವವರಿಗೆ ಇದು ಸಿಗುವುದಿಲ್ಲ, ಆದ್ದರಿಂದ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕೆಂದು ಮುಂಚೆಯೇ ಎಚ್ಚರಿಸಿದ್ದು ನನಗೆ ಬಹಳ ಮುಖ್ಯವೆನಿಸಿತು.

ಕಾಲೇಜು ಕೊಟ್ಟಿದ್ದ ಶುಲ್ಕ ರಿಯಾಯಿತಿಯ ಪತ್ರವನ್ನೂ ಅವರು ಪೂರ್ತಿ ಓದಿದರು. ಪ್ರತಿ ವರ್ಷ ಶೇ. 85 ಉಳಿಸಿಕೊಂಡರೆ ಮಾತ್ರ ರಿಯಾಯಿತಿ ಎಂಬ ಸಾಲು ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಹುಡುಗಿಯ ಓದು ಹಿಂದೆ ಬಿದ್ದರೆ, ಹಣ ಹೆಚ್ಚು ಬೇಕಾಗುವ ಆ ವರ್ಷವೇ ಅಂಕದ ನೆರವು ಕೈಬಿಡುತ್ತದೆ ಎಂದರು ಮಾಲೀಕರು. ಅಣ್ಣ ಹಟ ಬಿಟ್ಟದ್ದು ಈ ಮಾತಿಗೆ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಊಟ ಮಾಡಿ ಓದಿದ ಸಾವಿರಾರು ಮಕ್ಕಳಿರುವ ಈ ಜಿಲ್ಲೆಯಲ್ಲಿ, ಅಗತ್ಯ ಹೇಳಿಕೊಳ್ಳುವುದನ್ನು ಯಾರೂ ಅವಮಾನವೆಂದು ತಿಳಿಯಬೇಕಾಗಿಲ್ಲ ಎಂದು ನಾನು ಮನಸಾರೆ ನಂಬುತ್ತೇನೆ.

ನಾವು ವಿದ್ಯಾಸಿರಿಯನ್ನು ಆರಿಸಿಕೊಂಡೆವು. ಅರ್ಜಿ ಸಲ್ಲಿಸುವ ಮೊದಲು ಮಾನಿಟರನ್ನು ನಮ್ಮ ಕಡೆ ತಿರುಗಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗಿದ್ದ ಇನಿಷಿಯಲ್ ಆಧಾರ್‌ನಲ್ಲಿ ಮೊದಲಿಗೆ ಬಂದಿರುವುದನ್ನು ತೋರಿಸಿದರು. ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ ಅವಳ ಎರಡು ಖಾತೆಗಳಲ್ಲಿ ಯಾವುದು ಜೋಡಣೆಯಾಗಿದೆ ಎಂಬುದನ್ನೂ ಪರಿಶೀಲಿಸಿದರು.

ಕೊರತೆಗಳೂ ಇವೆ. ದರಪಟ್ಟಿ ಎಲ್ಲಿಯೂ ಹಾಕಿಲ್ಲ. ನಮ್ಮಿಂದ 150 ರೂಪಾಯಿ ಪಡೆದರು, ರಸೀದಿ ಕೇಳಿದ ಮೇಲೆಯೇ ಕೊಟ್ಟರು. ಕೂರಲು ಎರಡೇ ಕುರ್ಚಿಗಳಿರುವುದರಿಂದ ಒಂದೂವರೆ ಗಂಟೆ ಬಾಗಿಲಲ್ಲಿ ನಿಂತಿದ್ದೆವು. ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಆ ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.